ಜಾಗಕ್ಕೆ ತಕ್ಕ ಪ್ರಶ್ನೆ: ಪ್ರೊ. ಎಸ್. ಚಂದ್ರಶೇಖರ್ ಮತ್ತು ದ್ರವ ಸ್ಫಟಿಕಗಳು



ಭೌತಶಾಸ್ತ್ರದ ಅಧ್ಯಾಪಕರೊಬ್ಬರ ಬದುಕು ಮತ್ತು ಕೆಲಸದ ಬಗ್ಗೆ ಕನ್ನಡದಲ್ಲಿ ಮಾತನಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ನಾನು ಆರಿಸಿಕೊಂಡಿರುವುದು ಪ್ರೊಫೆಸರ್ ಶಿವರಾಮಕೃಷ್ಣ ಚಂದ್ರಶೇಖರ್ ಅವರನ್ನು. ಹೆಸರು ಕೇಳಿದ ಕೂಡಲೇ ನಿಮ್ಮಲ್ಲಿ ಹಲವರ ಮನಸ್ಸು ಷಿಕಾಗೋದಲ್ಲಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಕಡೆಗೆ ಹೋಗಿರುತ್ತದೆ. ಅವರು ಬೇರೆ, ಇವರು ಬೇರೆ. ಇಬ್ಬರೂ ಸರ್ ಸಿ. ವಿ. ರಾಮನ್ ಅವರ ಬಂಧುಗಳು. ಅವರು ರಾಮನ್ ಅವರ ಅಣ್ಣನ ಮಗ, ಇವರು ಸೋದರಿಯ ಮಗ. 1983ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಇವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ನಕ್ಷತ್ರಗಳ ಚಂದ್ರಶೇಖರ್ ಅವರ ಹೆಸರು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ನಮ್ಮ ನಾಡಿನಲ್ಲೇ, ಮೊದಲು ಮೈಸೂರಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ, ನಲವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದ ಈ ಚಂದ್ರಶೇಖರ್ ಅವರನ್ನು ಭೌತಶಾಸ್ತ್ರ ಓದಿದವರೂ ಎಷ್ಟೋ ಸಲ ಗುರುತಿಸುವುದಿಲ್ಲ. ಇದು ನನ್ನನ್ನು ಬಹಳ ಕಾಲದಿಂದ ಕಾಡಿದ ಸಂಗತಿ. ಇವತ್ತಿನ ಮಾತಿಗೆ ಅದೂ ಒಂದು ಕಾರಣ.

ವಿಜ್ಞಾನಿಗಳ ಬಗ್ಗೆ ಹೇಳುವಾಗ ನಾವು ಸಾಮಾನ್ಯವಾಗಿ ಅವರು ಕಂಡುಕೊಂಡ ಉತ್ತರಗಳನ್ನು ಹೇಳುತ್ತೇವೆ. ಚಂದ್ರಶೇಖರ್ ಅವರ ವಿಷಯದಲ್ಲಿ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಪ್ರಶ್ನೆಯನ್ನು ಆರಿಸಿಕೊಂಡ ರೀತಿ. ಕೇಂಬ್ರಿಡ್ಜಿನಲ್ಲಿ ಕಲಿತು ಬಂದವರು ಕೇಂಬ್ರಿಡ್ಜಿನ ಪ್ರಶ್ನೆಯನ್ನೇ ಹೊತ್ತು ತರುತ್ತಾರೆ. ಇಲ್ಲಿ ಆ ಸಲಕರಣೆ ಇಲ್ಲ, ಆ ಹಣ ಇಲ್ಲ. ಹತ್ತು ವರ್ಷ ಕೊರಗಿ ಕೊನೆಗೆ ಆಡಳಿತದ ಕಡೆಗೆ ಹೊರಳುತ್ತಾರೆ. ಇಂಥ ಬದುಕುಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ಚಂದ್ರಶೇಖರ್ ಹಾಗೆ ಮಾಡಲಿಲ್ಲ. ಹೊಸದಾಗಿ ಶುರುವಾದ ವಿಭಾಗವೊಂದರಲ್ಲಿ, ಆಗಷ್ಟೇ ಎಂಎಸ್ಸಿ ಮುಗಿಸಿದ ಹುಡುಗರ ಜೊತೆ, ಇರುವ ಸಾಮಾನಿನಲ್ಲಿ, ಜಗತ್ತಿನ ಮುಂದಿನ ಸಾಲಿನಲ್ಲಿ ನಿಂತು ಕೇಳಬಹುದಾದ ಪ್ರಶ್ನೆ ಯಾವುದು ಎಂದು ಹುಡುಕಿದರು. ಅದು ಸಿಕ್ಕಿತು. ಸಿಕ್ಕಿದ ಮೇಲೆ ಕೊನೆಯವರೆಗೂ ಬಿಡಲಿಲ್ಲ.

ಅವರು ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತದಲ್ಲಿ. ಓದಿದ್ದು ನಾಗಪುರದಲ್ಲಿ. 1951ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದ ಎಂಎಸ್ಸಿ ಮುಗಿಸಿ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. ಸಂಸ್ಥೆ ಶುರುವಾಗಿ ಆಗಿನ್ನೂ ಮೂರು ವರ್ಷ. ಮಾವ ರಾಮನ್ ಅವರೇ ಗೈಡ್. ಆ ದಿನಗಳಲ್ಲಿ ರಾಮನ್ ಅವರ ಆಸಕ್ತಿಯೆಲ್ಲ ಹರಳುಗಳ ಮೇಲೆ, ಹರಳಿನೊಳಗೆ ಬೆಳಕು ನಡೆಯುವ ಬಗೆಯ ಮೇಲೆ. ಚಂದ್ರಶೇಖರ್ ಅವರ ಪಾಲಿಗೆ ಬಂದದ್ದು ಕ್ವಾರ್ಟ್ಸ್ ಮತ್ತು ಅದರಂಥ ಹರಳುಗಳು. ಒಂದೇ ತಲದಲ್ಲಿ ಕಂಪಿಸುವ, ಅಂದರೆ ಧ್ರುವೀಕೃತ, ಬೆಳಕನ್ನು ಕ್ವಾರ್ಟ್ಸಿನ ಮೂಲಕ ಅದರ ಅಕ್ಷದ ಗುಂಟ ಹಾಯಿಸಿದರೆ ಆ ತಲ ತಿರುಗುತ್ತದೆ. ಸೋಡಿಯಂ ದೀಪದ ಹಳದಿ ಬೆಳಕಿಗೆ ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು 21.7 ಡಿಗ್ರಿ. ನೀಲಿಗೆ ಇನ್ನೂ ಹೆಚ್ಚು, ಕೆಂಪಿಗೆ ಕಡಿಮೆ. ಬಣ್ಣ ಬದಲಾದಂತೆ ಈ ತಿರುಗುವಿಕೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಅವರು ಕೊಟ್ಟ ಸೂತ್ರ ಇಂದಿಗೂ ಅವರ ಹೆಸರಿನಲ್ಲೇ ಇದೆ. 1954ರಲ್ಲಿ ಈ ಕೆಲಸಕ್ಕೆ ನಾಗಪುರ ವಿಶ್ವವಿದ್ಯಾಲಯ ಡಿಎಸ್ಸಿ ಕೊಟ್ಟಿತು.

ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯ. ಅಲ್ಲಿ ವಿಷಯ ಬದಲಾಯಿತು: ಹರಳಿನಿಂದ ಕ್ಷ-ಕಿರಣ ಚದುರುವಾಗ ಅದರ ತೀವ್ರತೆ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ, ಯಾಕೆ, ಎಷ್ಟು, ಅದನ್ನು ಸರಿಪಡಿಸುವುದು ಹೇಗೆ ಎಂಬ ಪ್ರಶ್ನೆ. ಅಲ್ಲಿ ಎರಡನೆಯ ಡಾಕ್ಟರೇಟ್ ಪಡೆದು, ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮತ್ತು ರಾಯಲ್ ಇನ್‌ಸ್ಟಿಟ್ಯೂಷನ್‌ಗಳಲ್ಲಿ ಕೆಲವು ವರ್ಷ ಕೆಲಸ ಮಾಡಿ, 1961ರಲ್ಲಿ ವಾಪಸು ಬಂದರು. ಬಂದದ್ದು ಮೈಸೂರಿಗೆ. ಅವರ ಕೈಯಲ್ಲಿ ಆಗ ಎರಡು ವಿದ್ಯೆಗಳಿದ್ದವು. ಒಂದು, ಹರಳಿನಲ್ಲಿ ಧ್ರುವೀಕೃತ ಬೆಳಕಿನ ನಡೆ. ಇನ್ನೊಂದು, ಹರಳಿನಲ್ಲಿ ಕ್ಷ-ಕಿರಣದ ನಡೆ. ಇವೆರಡನ್ನೂ ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತವೆ.

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆಗ ಹೊಚ್ಚ ಹೊಸದು. ಕುವೆಂಪು ಕುಲಪತಿಗಳಾಗಿದ್ದಾಗ ಕನಸು ಕಂಡು ಹೆಸರಿಟ್ಟ ಆವರಣ. ಅಲ್ಲಿಯವರೆಗೆ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರದ ಸ್ನಾತಕೋತ್ತರ ತರಗತಿಗಳ ನೆಲೆ ಎಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಗಂಗೋತ್ರಿಯ ಭೌತಶಾಸ್ತ್ರ ವಿಭಾಗಕ್ಕೆ ಮೊದಲ ಮುಖ್ಯಸ್ಥರಾಗಿ ಬಂದ ಚಂದ್ರಶೇಖರ್ ಅವರಿಗೆ ಆಗ 31 ವರ್ಷ. ಹೊಸ ವಿಭಾಗ ಎಂದರೆ ಏನು ಎಂಬುದು ನಮ್ಮ ಅಧ್ಯಾಪಕರಿಗೆ ಹೇಳಿಕೊಡಬೇಕಾಗಿಲ್ಲ. ಟೈಮ್‌ಟೇಬಲ್, ಸಿಲಬಸ್, ಪ್ರಾಯೋಗಿಕ ಪರೀಕ್ಷೆ, ಇಂಡೆಂಟು, ಸ್ಟಾಕ್ ರಿಜಿಸ್ಟರು. ಸಂಶೋಧನೆ ಎಂಬುದು ಇದೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನ ಕೆಲಸ.

ಇಲ್ಲಿ ಒಂದು ಪಕ್ಕದ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಹೇಳುವ ಅವಕಾಶ ಮತ್ತೆ ಸಿಗುತ್ತದೋ ಇಲ್ಲವೋ. 1961ರಿಂದ 1964ರವರೆಗೆ ಇದೇ ವಿಭಾಗದಲ್ಲಿ ರೀಡರ್ ಆಗಿದ್ದವರು ಎಸ್. ಪಂಚರತ್ನಂ. ಅವರೂ ರಾಮನ್ ಅವರ ಸೋದರಳಿಯ. 1956ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಧ್ರುವೀಕೃತ ಬೆಳಕಿನ ಕಿರಣಗಳು ಒಂದರೊಡನೊಂದು ಸೇರಿದಾಗ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತ ಹೊಸದೊಂದು ಪ್ರಾವಸ್ಥೆಯನ್ನು ಕಂಡುಕೊಂಡಿದ್ದರು. ಸುಮಾರು ಮೂವತ್ತು ವರ್ಷದ ಬಳಿಕ ಬ್ರಿಸ್ಟಲ್‌ನ ಮೈಕೇಲ್ ಬೆರ್ರಿ ಕ್ವಾಂಟಂ ಭೌತಶಾಸ್ತ್ರದಲ್ಲಿ ಅಂಥದ್ದನ್ನೇ ಕಂಡಾಗ, ಬೆಳಕಿನಲ್ಲಿ ಇದನ್ನು ಮೊದಲೇ ಕಂಡವರು ಇದ್ದರು ಎಂದು ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಬೆಂಗಳೂರಿನಿಂದ ತೋರಿಸಿಕೊಟ್ಟರು. ಇಂದು ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅದು ಪಂಚರತ್ನಂ ಪ್ರಾವಸ್ಥೆ. ಆದರೆ ಅದನ್ನು ನೋಡಲು ಅವರಿರಲಿಲ್ಲ. ಮೈಸೂರಿನಿಂದ ಆಕ್ಸ್‌ಫರ್ಡಿಗೆ ಹೋಗಿ 1969ರಲ್ಲಿ, ಮೂವತ್ತೈದರ ಪ್ರಾಯದಲ್ಲೇ ತೀರಿಕೊಂಡರು. ನಮ್ಮ ಒಂದು ರಾಜ್ಯ ವಿಶ್ವವಿದ್ಯಾಲಯದ ಸ್ಟಾಫ್ ರೂಮಿನಲ್ಲಿ ಒಂದೇ ಕಾಲಕ್ಕೆ ಈ ಇಬ್ಬರೂ ಕೂತಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ದ್ರವ ಸ್ಫಟಿಕಕ್ಕೆ ಬರೋಣ. 1888ರಲ್ಲಿ ಪ್ರಾಗ್ ನಗರದಲ್ಲಿ ಫ್ರೀಡ್ರಿಷ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲ್‌ನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದ. 145.5 ಡಿಗ್ರಿಗೆ ಅದು ಕರಗಿ ಮಬ್ಬಾದ ದ್ರವವಾಯಿತು. ಕಾಯಿಸುತ್ತ ಹೋದಂತೆ 178.5 ಡಿಗ್ರಿಯಲ್ಲಿ ಆ ಮಬ್ಬು ಥಟ್ಟನೆ ಹೋಗಿ ತಿಳಿಯಾಯಿತು. ಶುದ್ಧ ವಸ್ತುವೊಂದಕ್ಕೆ ಎರಡು ಕರಗುವ ಬಿಂದುಗಳು! ಅವನು ಭೌತವಿಜ್ಞಾನಿ ಒಟ್ಟೊ ಲೇಮನ್‌ಗೆ ಕಾಗದ ಬರೆದ. ಲೇಮನ್‌ನ ಬಳಿ ವಸ್ತುವನ್ನು ಕಾಯಿಸುತ್ತಲೇ ಧ್ರುವೀಕೃತ ಬೆಳಕಿನಲ್ಲಿ ನೋಡಬಹುದಾದ ಸೂಕ್ಷ್ಮದರ್ಶಕವಿತ್ತು. ಎರಡು ಬಿಂದುಗಳ ನಡುವೆ ಆ ವಸ್ತು ದ್ರವದಂತೆ ಹರಿಯುತ್ತದೆ, ಆದರೆ ಬೆಳಕಿನ ಮಟ್ಟಿಗೆ ಹರಳಿನಂತೆ ವರ್ತಿಸುತ್ತದೆ ಎಂದು ಅವನು ಕಂಡ. ಕಾರಣ ಆಮೇಲೆ ತಿಳಿಯಿತು. ಇಂಥ ವಸ್ತುಗಳ ಅಣುಗಳು ಉದ್ದನೆಯ ಕಡ್ಡಿಗಳು. ಹರಳು ಕರಗಿದಾಗ ಅವು ತಮ್ಮ ಜಾಗ ಬಿಟ್ಟು ಓಡಾಡತೊಡಗುತ್ತವೆ, ಆದರೆ ಒಂದೇ ದಿಕ್ಕಿಗೆ ಮುಖ ಮಾಡಿಕೊಂಡೇ ಇರುತ್ತವೆ. ಇನ್ನೂ ಕಾಯಿಸಿದಾಗ ಆ ದಿಕ್ಕೂ ತಪ್ಪಿಹೋಗುತ್ತದೆ.

ಕುತೂಹಲದ ವಸ್ತುವಾಗಿ ಇದು ಕೆಲವು ದಶಕ ನಡೆಯಿತು, ಆಮೇಲೆ ಹೆಚ್ಚುಕಡಿಮೆ ಮರೆತೇ ಹೋಯಿತು. 1960ರ ಹೊತ್ತಿಗೆ ಜಗತ್ತಿನಲ್ಲಿ ಇದರ ಮೇಲೆ ಕೆಲಸ ಮಾಡುತ್ತಿದ್ದವರು ಬೆರಳೆಣಿಕೆಯ ಮಂದಿ. ಭೌತವಿಜ್ಞಾನಿಗಳ ಕಣ್ಣೆಲ್ಲ ಪರಮಾಣು ಬೀಜ, ಅರೆವಾಹಕ, ಕಣ ವೇಗವರ್ಧಕಗಳ ಮೇಲೆ. ಚಂದ್ರಶೇಖರ್ ಮೈಸೂರಿನಲ್ಲಿ ಕೂತು ಕೈಗೆತ್ತಿಕೊಂಡದ್ದು ಈ ಮರೆತ ವಸ್ತುವನ್ನು. ಇದನ್ನು ನಾನು ಬರಿಯ ಅದೃಷ್ಟ ಎನ್ನುವುದಿಲ್ಲ. ಈ ವಸ್ತುವಿನೊಳಗೆ ಇರುವ ರಹಸ್ಯವನ್ನು ತೆರೆಯುವ ಎರಡು ಕೀಲಿಗಳು ಯಾವುವು? ಧ್ರುವೀಕೃತ ಬೆಳಕು ಮತ್ತು ಕ್ಷ-ಕಿರಣ. ಎರಡೂ ಅವರ ಜೇಬಿನಲ್ಲಿದ್ದವು. ಸಲಕರಣೆಯ ಲೆಕ್ಕ ನೋಡಿದರೂ ಹಾಗೆಯೇ. ವೇಗವರ್ಧಕ ಕಟ್ಟುವುದು ಮೈಸೂರಿನಲ್ಲಿ ಆಗದ ಮಾತು. ದ್ರವ ಸ್ಫಟಿಕಕ್ಕೆ ಬೇಕಾದದ್ದು ಒಳ್ಳೆಯ ಸೂಕ್ಷ್ಮದರ್ಶಕ, ಸಣ್ಣ ವಿದ್ಯುತ್ ಒಲೆ, ಶಾಖವನ್ನು ಡಿಗ್ರಿಯ ಭಾಗದಷ್ಟು ನಿಖರವಾಗಿ ಹಿಡಿದಿಡುವ ತಾಳ್ಮೆ.

ಎಷ್ಟು ಸರಳ ಎಂಬುದನ್ನು ಒಂದು ಅಳತೆಯ ಮೂಲಕ ತೋರಿಸುತ್ತೇನೆ. ಇಲ್ಲಿ ಕೂತಿರುವ ಬಿಎಸ್ಸಿ ವಿದ್ಯಾರ್ಥಿಗಳೆಲ್ಲ ಸ್ಪೆಕ್ಟ್ರೋಮೀಟರಿನ ಮೇಲೆ ಪ್ರಿಸಂ ಇಟ್ಟು ಸೋಡಿಯಂ ದೀಪದ ಬೆಳಕಿನಲ್ಲಿ ವಕ್ರೀಭವನಾಂಕ ಕಂಡುಹಿಡಿದಿದ್ದೀರಿ. ಎರಡು ಗಾಜಿನ ಪಟ್ಟಿಗಳನ್ನು ಸಣ್ಣ ಕೋನದಲ್ಲಿ ಜೋಡಿಸಿ ಅದರೊಳಗೆ ದ್ರವ ಸ್ಫಟಿಕ ತುಂಬಿದರೆ ಅದೇ ಒಂದು ಪ್ರಿಸಂ. ಗಾಜನ್ನು ಮೊದಲೇ ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿದ್ದರೆ ಅಣುಗಳು ಆ ದಿಕ್ಕಿಗೆ ಹೊಂದಿಕೊಂಡು ಮಲಗುತ್ತವೆ. ಈಗ ಟೆಲಿಸ್ಕೋಪಿನಲ್ಲಿ ನೋಡಿದರೆ ಸೀಳಿನ ಒಂದು ಬಿಂಬದ ಬದಲು ಎರಡು ಕಾಣುತ್ತವೆ. ಅಣುವಿನ ಉದ್ದಕ್ಕೆ ಕಂಪಿಸುವ ಬೆಳಕಿಗೆ ಒಂದು ವಕ್ರೀಭವನಾಂಕ, ಅಡ್ಡಕ್ಕೆ ಕಂಪಿಸುವ ಬೆಳಕಿಗೆ ಇನ್ನೊಂದು. ನಿಧಾನವಾಗಿ ಶಾಖ ಏರಿಸಿ. ಎರಡು ಬಿಂಬಗಳು ಒಂದಕ್ಕೊಂದು ಹತ್ತಿರ ಸರಿಯುತ್ತ ಬರುತ್ತವೆ. ಎರಡನೆಯ ಬಿಂದುವನ್ನು ಮುಟ್ಟುತ್ತಲೂ ಒಮ್ಮೆಲೇ ಎರಡೂ ಕೂಡಿ ಒಂದಾಗುತ್ತವೆ. ಆ ಎರಡು ಬಿಂಬಗಳ ನಡುವಿನ ಅಂತರವೇ ಅಣುಗಳು ಎಷ್ಟು ಶಿಸ್ತಿನಲ್ಲಿವೆ ಎಂಬುದರ ಅಳತೆ. ಇಷ್ಟನ್ನು ಸಾಂದ್ರತೆಯ ಅಳತೆಯ ಜೊತೆಗೆ ಇಟ್ಟು, ಅಣುಗಳ ನಡುವಿನ ಬಲದ ಬಗ್ಗೆ ಜರ್ಮನಿಯ ಮಾಯರ್ ಮತ್ತು ಸೌಪೆ ಕೊಟ್ಟ ಸಿದ್ಧಾಂತ ಎಲ್ಲಿ ಸರಿ, ಎಲ್ಲಿ ಸಾಲದು ಎಂದು ತೂಗಿ ನೋಡಬಹುದು. 1960ರ ದಶಕದ ಕೊನೆಗೆ ಮೈಸೂರಿನಿಂದ ಹೊರಬಂದ ಪ್ರಬಂಧಗಳಲ್ಲಿ ಇಂಥ ಕೆಲಸವಿದೆ. ಎನ್. ವಿ. ಮಧುಸೂದನ, ಆರ್. ಶಶಿಧರ್ ಎಂಬ ಹೆಸರುಗಳು ಚಂದ್ರಶೇಖರ್ ಅವರ ಹೆಸರಿನ ಜೊತೆಗೆ ಅಲ್ಲಿ ಕಾಣಿಸಿಕೊಳ್ಳುತ್ತವೆ. ಎಂಎಸ್ಸಿ ಮುಗಿಸಿ ಸಂಶೋಧನೆಗೆ ನಿಂತ ತರುಣರು. ಮುಂದೆ ಇಬ್ಬರೂ ಜಗತ್ತು ಬಲ್ಲ ವಿಜ್ಞಾನಿಗಳಾದರು.

ಆ ಕಾಲದ ಇನ್ನೊಂದು ಕೆಲಸ ನನಗೆ ಅತ್ಯಂತ ಪ್ರಿಯವಾದದ್ದು. ರೈನಿಟ್ಸರ್ ಕಂಡ ಬಗೆಯ, ಅಂದರೆ ಕೊಲೆಸ್ಟರಿಕ್ ಎನ್ನುವ ದ್ರವ ಸ್ಫಟಿಕದಲ್ಲಿ ಅಣುಗಳ ದಿಕ್ಕು ಪದರದಿಂದ ಪದರಕ್ಕೆ ಸ್ವಲ್ಪ ಸ್ವಲ್ಪವೇ ತಿರುಗುತ್ತ ಸುರುಳಿಯಾಗುತ್ತದೆ. ಈ ಸುರುಳಿಯ ಒಂದು ಸುತ್ತಿನ ಉದ್ದ ಬೆಳಕಿನ ತರಂಗದೂರಕ್ಕೆ ಹತ್ತಿರವಾದಾಗ ಅದು ಒಂದು ಬಣ್ಣವನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಹಾದುಹೋಗುವ ಬೆಳಕಿನ ಕಂಪನತಲವನ್ನು ಮಿಲಿಮೀಟರಿಗೆ ಸಾವಿರಾರು ಡಿಗ್ರಿ ತಿರುಗಿಸುತ್ತದೆ. ಕ್ವಾರ್ಟ್ಸಿನ 21.7 ಡಿಗ್ರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇದಕ್ಕೆ ಮೊದಲೂ ಸಿದ್ಧಾಂತಗಳಿದ್ದವು. ಚಂದ್ರಶೇಖರ್ ಮತ್ತು ಕೆ. ಎನ್. ಶ್ರೀನಿವಾಸ ರಾವ್ 1968ರಲ್ಲಿ ಬೇರೆಯೇ ದಾರಿ ಹಿಡಿದರು. ಹರಳಿನ ಪದರಗಳಿಂದ ಕ್ಷ-ಕಿರಣ ಮರಳುವುದನ್ನು ವಿವರಿಸುವ ಲೆಕ್ಕವನ್ನು ಎತ್ತಿ ತಂದು ಈ ಸುರುಳಿಯ ಪದರಗಳಿಗೆ ಹಚ್ಚಿದರು. ಆಮೇಲೆ ಜೆ. ಶಶಿಧರ ಪ್ರಸಾದ್ ಜೊತೆ ಅದನ್ನು ಇನ್ನೂ ಬೆಳೆಸಿದರು. ರಾಮನ್ ಅವರ ಬಳಿ ಕಲಿತ ಬೆಳಕಿನ ತಿರುಗುವಿಕೆ, ಕ್ಯಾವೆಂಡಿಷ್‌ನಲ್ಲಿ ಕಲಿತ ಕ್ಷ-ಕಿರಣದ ಪ್ರತಿಫಲನ, ಎರಡೂ ಮೈಸೂರಿನ ಒಂದು ಸಮೀಕರಣದಲ್ಲಿ ಬಂದು ಸೇರಿದವು. ಸಂಶೋಧಕನೊಬ್ಬ ಮೊದಲು ಕಲಿತದ್ದು ಯಾವುದೂ ವ್ಯರ್ಥವಾಗದ ಹಾಗೆ ವಿಷಯ ಆರಿಸಿಕೊಳ್ಳುವುದು ಅಪರೂಪದ ಬುದ್ಧಿವಂತಿಕೆ. ಇದೇ ಶಶಿಧರ ಪ್ರಸಾದ್ ಮುಂದೆ ಮೈಸೂರು ವಿಶ್ವವಿದ್ಯಾಲಯಕ್ಕೇ ಕುಲಪತಿಯಾದರು.

ಅಷ್ಟರಲ್ಲಿ ಹೊರಗಿನ ಜಗತ್ತು ಎಚ್ಚೆತ್ತಿತ್ತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾರ್ಜ್ ಹೈಲ್‌ಮಯರ್ ತಂಡ ದ್ರವ ಸ್ಫಟಿಕದಿಂದ ಅಂಕಿ ತೋರಿಸುವ ಫಲಕ ಮಾಡಿ ತೋರಿಸಿತು. ಎರಡೇ ಮೂರು ವರ್ಷದಲ್ಲಿ, ಇಂದಿಗೂ ಕೈಗಡಿಯಾರ, ಕ್ಯಾಲ್ಕುಲೇಟರುಗಳಲ್ಲಿ ನಾವು ನೋಡುವ, ಅಣುಗಳ ದಿಕ್ಕನ್ನು ತಿರುಚಿ ಇಟ್ಟ ಬಗೆಯ ಫಲಕ ಸಿದ್ಧವಾಯಿತು. ಮರೆತ ವಸ್ತು ದಿನಬೆಳಗಾಗುವುದರೊಳಗೆ ಬೇಡಿಕೆಯ ವಸ್ತುವಾಯಿತು. ಹಾಗೆ ಬೇಡಿಕೆ ಬಂದಾಗ ಭಾರತದಲ್ಲಿ ಆ ವಿಷಯದ ಒಂದು ತಂಡ ಆಗಲೇ ಸಿದ್ಧವಾಗಿ ನಿಂತಿತ್ತು.

1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಸರ್ಕಾರದ ಹಣ ಮುಟ್ಟದೆ ಅವರು ನಡೆಸಿಕೊಂಡು ಬಂದಿದ್ದ ಸಂಸ್ಥೆ ಮುಂದೇನು ಎಂಬ ಪ್ರಶ್ನೆಯಲ್ಲಿ ನಿಂತಿತು. 1971ರಲ್ಲಿ ಚಂದ್ರಶೇಖರ್ ಮೈಸೂರಿನ ತಮ್ಮ ಕೆಲವು ಶಿಷ್ಯರನ್ನು ಕರೆದುಕೊಂಡು ಅಲ್ಲಿಗೆ ಬಂದು ದ್ರವ ಸ್ಫಟಿಕ ಪ್ರಯೋಗಾಲಯ ತೆರೆದರು. 1973ರ ಡಿಸೆಂಬರಿನಲ್ಲಿ, ಸಂಸ್ಥೆಗೆ 25 ವರ್ಷ ತುಂಬಿದ ನೆಪದಲ್ಲಿ, ದ್ರವ ಸ್ಫಟಿಕಗಳ ಅಂತರರಾಷ್ಟ್ರೀಯ ಸಮ್ಮೇಳನವನ್ನೇ ಬೆಂಗಳೂರಿಗೆ ತಂದರು. 1979ರಲ್ಲಿ ಇನ್ನೊಂದು, 1982ರಲ್ಲಿ ಮತ್ತೊಂದು.

ಆ ಪ್ರಯೋಗಾಲಯದ ಒಂದು ಏರ್ಪಾಡನ್ನು ಮಾತ್ರ ಒತ್ತಿ ಹೇಳಲೇಬೇಕು. ಅದು ಭೌತಶಾಸ್ತ್ರದ ಸಂಸ್ಥೆ. ಆದರೂ ಅಲ್ಲಿ ರಸಾಯನಶಾಸ್ತ್ರಜ್ಞರಿಗೆ ಜಾಗವಾಯಿತು. ಹೊಸ ಅಣುಗಳನ್ನು ಅಲ್ಲೇ ತಯಾರಿಸುವುದು, ಅಲ್ಲೇ ಅಳೆಯುವುದು. ಬೇರೆಯವರು ತಯಾರಿಸಿ ಮಾರುವ ವಸ್ತುವಿಗೆ ಕಾಯುತ್ತ ಕೂತರೆ ಬೇರೆಯವರು ಆಗಲೇ ಕೇಳಿದ ಪ್ರಶ್ನೆಯನ್ನೇ ನಾವೂ ಕೇಳುತ್ತಿರುತ್ತೇವೆ. ನಮ್ಮ ಕಾಲೇಜುಗಳಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಲ್ಯಾಬುಗಳ ನಡುವೆ ಒಂದು ಕಾರಿಡಾರು ಮಾತ್ರ ಇರುತ್ತದೆ. ಆ ಕಾರಿಡಾರನ್ನು ದಾಟುವವರು ಎಷ್ಟು ಜನ? ಬಿ. ಕೆ. ಸದಾಶಿವ ರಸಾಯನಶಾಸ್ತ್ರದವರು, ಕೆ. ಎ. ಸುರೇಶ್ ಭೌತಶಾಸ್ತ್ರದವರು. ಈ ಇಬ್ಬರ ಜೊತೆ ಚಂದ್ರಶೇಖರ್ 1977ರಲ್ಲಿ ಮಾಡಿದ ಕೆಲಸದಿಂದಲೇ ಜಗತ್ತು ಅವರನ್ನು ಗುರುತಿಸುವುದು.

ಆಗಲೇ ಹೇಳಿದೆ, ದ್ರವ ಸ್ಫಟಿಕವಾಗಬೇಕಾದರೆ ಅಣು ಕಡ್ಡಿಯಂತಿರಬೇಕು. ಸುಮಾರು ತೊಂಬತ್ತು ವರ್ಷಗಳಲ್ಲಿ ಸಿಕ್ಕ ಸಾವಿರಾರು ದ್ರವ ಸ್ಫಟಿಕಗಳು ಈ ಮಾತನ್ನೇ ಗಟ್ಟಿ ಮಾಡಿದ್ದವು. ಅಣು ಚಪ್ಪಟೆಯಾದ ಬಿಲ್ಲೆಯಾಗಿದ್ದರೆ? ಡಾಂಬರಿನ ಜಿಗುಟನ್ನು ಕಾಯಿಸುವಾಗ ಅಂಥದ್ದೇನೋ ಕಾಣುತ್ತದೆ ಎಂದು ಬ್ರೂಕ್ಸ್ ಮತ್ತು ಟೇಲರ್ 1960ರ ದಶಕದಲ್ಲೇ ತೋರಿಸಿದ್ದರು. ಆದರೆ ಅದು ನೂರೆಂಟು ಅಣುಗಳ ಕಲಬೆರಕೆ. ಶುದ್ಧವಾದ ಒಂದೇ ವಸ್ತುವಿನಲ್ಲಿ ಯಾರೂ ಕಂಡಿರಲಿಲ್ಲ. ಸದಾಶಿವ ಅವರು ತಯಾರಿಸಿದ ಅಣು ಹೀಗಿದೆ: ನಡುವೆ ಒಂದು ಬೆಂಜೀನ್ ಉಂಗುರ, ಅದರ ಆರೂ ಮೂಲೆಗಳಿಂದ ಹೊರಟ ಆರು ಇಂಗಾಲದ ಸರಪಳಿಗಳು. ನಡುವಿನ ಗಟ್ಟಿ ಭಾಗಗಳು ಒಂದರ ಮೇಲೊಂದು ಕೂರಲು ಬಯಸುತ್ತವೆ. ಸುತ್ತಲಿನ ಮೆತ್ತನೆಯ ಸರಪಳಿಗಳು ಶಾಖಕ್ಕೆ ಬೇಗ ಸಡಿಲವಾಗುತ್ತವೆ. ಸರಪಳಿಯ ಉದ್ದ ಸರಿಯಾಗಿ ಹೊಂದಿದರೆ ಮಾತ್ರ ಈ ಎಳೆದಾಟದಿಂದ ನಡುವಿನ ಒಂದು ಸ್ಥಿತಿ ಹುಟ್ಟುತ್ತದೆ.

ನೋಡುವ ಕ್ರಮವನ್ನು ಹೇಳುತ್ತೇನೆ. ಗಾಜಿನ ಸ್ಲೈಡಿನ ಮೇಲೆ ಪುಡಿಯ ಒಂದು ಕಣ, ಮೇಲೊಂದು ತೆಳು ಗಾಜು. ಕೆಳಗೆ ಸಣ್ಣ ಒಲೆ. ಸೂಕ್ಷ್ಮದರ್ಶಕದಲ್ಲಿ ಎರಡು ಪೋಲರಾಯ್ಡುಗಳು ಒಂದಕ್ಕೊಂದು ಅಡ್ಡವಾಗಿ. ವಸ್ತು ಮಾಮೂಲಿ ದ್ರವವಾಗಿದ್ದರೆ ಕಣ್ಣಿಗೆ ಪೂರ್ತಿ ಕತ್ತಲೆ ಕಾಣಬೇಕು. ಈ ವಸ್ತು ಕುದಿಯುವ ನೀರಿಗಿಂತ ಕಡಿಮೆ ಶಾಖದಲ್ಲೇ ಕರಗುತ್ತದೆ, ಕರಗಿದ ಮೇಲೂ ಬೆಳಕು ಹೋಗುವುದಿಲ್ಲ. ಮೇಲಿನ ಗಾಜನ್ನು ಸೂಜಿಯಿಂದ ಒತ್ತಿದರೆ ವಸ್ತು ಜರುಗುತ್ತದೆ, ಹರಿಯುತ್ತದೆ, ಬಣ್ಣ ಹಾಗೆಯೇ ಇರುತ್ತದೆ. ಕೆಲವೇ ಡಿಗ್ರಿ ಮೇಲಕ್ಕೆ ಹೋಗುತ್ತಲೂ ಇಡೀ ದೃಶ್ಯ ಕಪ್ಪಾಗುತ್ತದೆ. ತಣಿಸಿದರೆ ಕಪ್ಪಿನೊಳಗಿಂದ ಕವಲೊಡೆದ ಬಣ್ಣದ ಆಕೃತಿಗಳು ಬೆಳೆದು ಬರುತ್ತವೆ. ಆ ಕೆಲವು ಡಿಗ್ರಿಗಳ ಕಿಂಡಿಯಲ್ಲಿ ಇದ್ದದ್ದು ಯಾರೂ ನೋಡದಿದ್ದ ದ್ರವ್ಯಸ್ಥಿತಿ.

ಒಳಗೆ ಏನಾಗುತ್ತಿದೆ ಎಂದು ಹೇಳಲು ಕ್ಷ-ಕಿರಣ ಬೇಕಾಯಿತು. ಮದುವೆ ಮನೆಯ ಉಗ್ರಾಣದಲ್ಲಿ ತಟ್ಟೆಗಳನ್ನು ಪೇರಿಸಿ ಇಡುವುದನ್ನು ನೋಡಿದ್ದೀರಲ್ಲ: ಅಂಥ ಪೇರಿಕೆಗಳು ಒತ್ತೊತ್ತಾಗಿ, ಒಂದರ ಸುತ್ತ ಆರರಂತೆ ನಿಂತಿವೆ. ಪೇರಿಕೆಗಳ ನಡುವಿನ ಅಂತರ ಕಟ್ಟುನಿಟ್ಟು, ಆದರೆ ಒಂದು ಪೇರಿಕೆಯೊಳಗೆ ತಟ್ಟೆ ತಟ್ಟೆಗಳ ನಡುವಿನ ಅಂತರಕ್ಕೆ ಕ್ರಮವಿಲ್ಲ. ಅಂದರೆ ಈ ವಸ್ತು ಎರಡು ಆಯಾಮಗಳಲ್ಲಿ ಹರಳು, ಮೂರನೆಯದರಲ್ಲಿ ದ್ರವ. ಬಿಲ್ಲೆಯಣುಗಳ ಶುದ್ಧ ವಸ್ತುವೊಂದರಲ್ಲಿ ಅದುವರೆಗೆ ಯಾರೂ ಇಂಥ ರಚನೆ ಕಂಡಿರಲಿಲ್ಲ. ಮೂವರೂ ಸೇರಿ ಹತ್ತು ಪುಟದ ಪ್ರಬಂಧ ಬರೆದರು. ಅದನ್ನು ಪ್ರಕಟಿಸಿದ್ದು ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಿಂದ ಹೊರತರುತ್ತಿದ್ದ 'ಪ್ರಮಾಣ' ಪತ್ರಿಕೆಯಲ್ಲಿ. ಆ ಪತ್ರಿಕೆಗೆ ಆಗಿನ್ನೂ ನಾಲ್ಕು ವರ್ಷ. ಜಗತ್ತಿನ ಯಾವ ಹೆಸರಾಂತ ಪತ್ರಿಕೆಯಾದರೂ ಕೈಚಾಚಿ ತೆಗೆದುಕೊಳ್ಳುತ್ತಿದ್ದ ಫಲಿತಾಂಶವನ್ನು ಮನೆಯ ಪತ್ರಿಕೆಗೆ ಕೊಡುವುದಕ್ಕೆ ಎದೆಗಾರಿಕೆ ಬೇಕು. ಪತ್ರಿಕೆ ಚಿಕ್ಕದು ಎಂಬ ಕಾರಣಕ್ಕೆ ಪ್ರಬಂಧ ಕಳೆದುಹೋಗಲಿಲ್ಲ. ಭಾರತದ ವಿಜ್ಞಾನ ಪತ್ರಿಕೆಗಳಲ್ಲಿ ಬಂದು ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳ ಸಾಲಿನಲ್ಲಿ ಅದು ಇದೆ.

ಮರುವರ್ಷವೇ ಫ್ರಾನ್ಸಿನ ತಂಡಗಳು ಬೇರೆ ಬಿಲ್ಲೆಯಣುಗಳೊಡನೆ ಈ ದಾರಿಗೆ ಬಂದವು. ಇಂದು ಡಿಸ್ಕಾಟಿಕ್, ಅಂದರೆ ಬಿಲ್ಲೆಯಣುಗಳ, ದ್ರವ ಸ್ಫಟಿಕಗಳ ಸಂಖ್ಯೆ ಸಾವಿರಗಳಲ್ಲಿದೆ. ಬಿಲ್ಲೆಗಳ ಕಂಬದ ಗುಂಟ ವಿದ್ಯುತ್ತು ಸರಾಗವಾಗಿ, ಅಡ್ಡಕ್ಕೆ ಕಷ್ಟಪಟ್ಟು ಹರಿಯುತ್ತದೆ. ಅದರಿಂದಾಗಿ ಸಾವಯವ ಸೌರಕೋಶಗಳ ಸಂಶೋಧಕರು ಇವುಗಳ ಹಿಂದೆ ಬಿದ್ದಿದ್ದಾರೆ. ನಮ್ಮ ಕಣ್ಣಿಗೆ ನೇರವಾಗಿ ಬಿದ್ದ ಉಪಯೋಗ ಇನ್ನೊಂದು. ಹಳೆಯ ಲ್ಯಾಪ್‌ಟಾಪುಗಳ ಪರದೆಯನ್ನು ಓರೆಯಿಂದ ನೋಡಿದರೆ ಚಿತ್ರ ಮಾಸಿ, ಬಣ್ಣ ತಿರುಗುಮುರುಗಾಗುತ್ತಿದ್ದದ್ದು ಇಲ್ಲಿನ ಹಿರಿಯರಿಗೆ ನೆನಪಿರಬಹುದು. ಕಡ್ಡಿಯಣುಗಳ ಸ್ವಭಾವದಿಂದ ಬಂದ ಆ ದೋಷವನ್ನು ಬಿಲ್ಲೆಯಣುಗಳ ತೆಳುವಾದ ಪೊರೆಯೊಂದನ್ನು ಅಂಟಿಸಿ ಸರಿದೂಗಿಸಬಹುದು ಎಂದು ಜಪಾನಿನ ಫ್ಯೂಜಿ ಕಂಪನಿ 1990ರ ದಶಕದ ನಡುವಿನಲ್ಲಿ ಮಾಡಿ ತೋರಿಸಿ ಮಾರುಕಟ್ಟೆಗೆ ತಂದಿತು. ಲಕ್ಷಾಂತರ ಪರದೆಗಳೊಳಗೆ ಆ ಪೊರೆ ಹೋಯಿತು.

1977ರಲ್ಲೇ ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ ಅವರ 'ಲಿಕ್ವಿಡ್ ಕ್ರಿಸ್ಟಲ್ಸ್' ಪುಸ್ತಕವನ್ನು ತಂದಿತು. ಪಿಯರ್-ಜಿಲ್ ದ ಜೆನ್ ಬರೆದ 1974ರ ಪುಸ್ತಕ ಮತ್ತು ಇದು, ಈ ಎರಡನ್ನು ಓದದೆ ಆ ಕ್ಷೇತ್ರಕ್ಕೆ ಕಾಲಿಟ್ಟವರು ಇರಲಿಲ್ಲ ಎನ್ನಬಹುದು. ಚಂದ್ರಶೇಖರ್ ಅವರ ಪುಸ್ತಕ ರಷ್ಯನ್ ಭಾಷೆಗೂ ಹೋಯಿತು, 1992ರಲ್ಲಿ ಪರಿಷ್ಕರಿಸಿದ ಎರಡನೆಯ ಆವೃತ್ತಿ ಬಂತು. ದ ಜೆನ್ ಪುಸ್ತಕ ಮೇಧಾವಿಯೊಬ್ಬ ದೂರದಿಂದ ಇಡೀ ಬೆಟ್ಟಸಾಲನ್ನು ತೋರಿಸುವ ಕ್ರಮದ್ದು. ಚಂದ್ರಶೇಖರ್ ಅವರದು ಮೇಷ್ಟ್ರ ಪುಸ್ತಕ: ಪ್ರಯೋಗ, ಅಂಕಿ, ಸಮೀಕರಣ ಒಂದನ್ನೊಂದು ಹಿಡಿದುಕೊಂಡು ನಡೆಯುತ್ತವೆ. ಎಂಎಸ್ಸಿ ತರಗತಿಗೆ ಪಾಠ ಮಾಡಿದ ಅನುಭವ ಪುಟಪುಟದಲ್ಲೂ ಇದೆ ಎಂದು ನನಗೆ ಅನ್ನಿಸಿದೆ.

ಗೌರವಗಳ ಪಟ್ಟಿಯನ್ನು ಬೇಗ ಮುಗಿಸುತ್ತೇನೆ. 1972ರಲ್ಲಿ ಭಟ್ನಾಗರ್ ಪ್ರಶಸ್ತಿ, 1994ರಲ್ಲಿ ರಾಯಲ್ ಸೊಸೈಟಿಯ ರಾಯಲ್ ಮೆಡಲ್, 1998ರಲ್ಲಿ ಪದ್ಮಭೂಷಣ. ಅಂತರರಾಷ್ಟ್ರೀಯ ಲಿಕ್ವಿಡ್ ಕ್ರಿಸ್ಟಲ್ ಸೊಸೈಟಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾಗಿ ಅವರನ್ನೇ ಆರಿಸಿದರು.

ಅರವತ್ತಕ್ಕೆ ರಾಮನ್ ಸಂಸ್ಥೆಯಿಂದ ನಿವೃತ್ತರಾದರು. ಅಲ್ಲಿಗೆ ಸಾಕು ಎನ್ನಬಹುದಿತ್ತು. 1991ರಲ್ಲಿ ಜಾಲಹಳ್ಳಿಯಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಕಂಪನಿ ಬಿಟ್ಟುಕೊಟ್ಟ ಕಟ್ಟಡದಲ್ಲಿ, ದ್ರವ ಸ್ಫಟಿಕ ಸಂಶೋಧನಾ ಕೇಂದ್ರವನ್ನು ಶುರು ಮಾಡಿದರು. ಮೂವತ್ತು ವರ್ಷದ ಹಿಂದೆ ಗಂಗೋತ್ರಿಯಲ್ಲಿ ಮಾಡಿದ್ದನ್ನು ಮತ್ತೆ ಮೊದಲಿನಿಂದ: ಹಣ ಹೊಂದಿಸುವುದು, ಉಪಕರಣ ತರುವುದು, ಹುಡುಗ ಹುಡುಗಿಯರನ್ನು ಹುಡುಕಿ ತರುವುದು. 2004ರ ಮಾರ್ಚ್ 8ರಂದು, 73ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಆ ಸಂಸ್ಥೆ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರಳಿಗೆ ಬಂದು ಗಟ್ಟಿಯಾಗಿತ್ತು. ಮುಂದೆ ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನಗಳ ಕೇಂದ್ರ ಎಂದು ಹೆಸರು ಬದಲಿಸಿಕೊಂಡು ಬೆಂಗಳೂರಿನ ಹೊರವಲಯದ ಶಿವನಪುರದಲ್ಲಿ ಸ್ವಂತ ಆವರಣ ಕಟ್ಟಿಕೊಂಡಿದೆ.

ಅವರ ಶಿಷ್ಯರು ಗುರುವಿನ ಪ್ರಶ್ನೆಗೇ ಅಂಟಿಕೊಂಡು ಕೂರಲಿಲ್ಲ. ಸದಾಶಿವ ಮತ್ತು ಮಧುಸೂದನ ಅವರ ತಂಡಗಳು ಆಮೇಲೆ ಕಡ್ಡಿಯೂ ಅಲ್ಲದ, ಬಿಲ್ಲೆಯೂ ಅಲ್ಲದ, ಬಾಗಿದ ಅಣುಗಳ ದ್ರವ ಸ್ಫಟಿಕಗಳ ಮೇಲೆ ಮುಂಚೂಣಿಯ ಕೆಲಸ ಮಾಡಿದವು. ಇದನ್ನು ಶಾಲೆ ಎಂದು ಕರೆಯಲು ನನಗೆ ಹಿಂಜರಿಕೆಯಿಲ್ಲ, ಮತ್ತು ಈ ಶಾಲೆಯ ಬೇರು ಇರುವುದು ಒಂದು ರಾಜ್ಯ ವಿಶ್ವವಿದ್ಯಾಲಯದ ಎಂಎಸ್ಸಿ ವಿಭಾಗದಲ್ಲಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇವತ್ತು ಖಾಲಿ ಬಿದ್ದಿರುವ ಹುದ್ದೆಗಳನ್ನು, ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿರುವ ವಿಭಾಗಗಳನ್ನು ನೋಡಿದಾಗ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. 1961ರಲ್ಲಿ 31 ವರ್ಷದವರೊಬ್ಬರ ಕೈಗೆ ಹೊಸ ವಿಭಾಗವೊಂದನ್ನು ಒಪ್ಪಿಸಿ, ಹತ್ತು ವರ್ಷ ಅವರನ್ನು ಅವರ ಪಾಡಿಗೆ ಕೆಲಸ ಮಾಡಲು ಬಿಟ್ಟ ವಿಶ್ವವಿದ್ಯಾಲಯವೊಂದು ನಮ್ಮಲ್ಲಿತ್ತು. ಅಂಥ ನೇಮಕಾತಿ ಈಗ ಸಾಧ್ಯವೇ ಎಂದು ಕೇಳಬೇಕಾದವರು ನಾವೇ, ಕೇಳಬೇಕಾದ ಜಾಗವೂ ಇಂಥ ಸಭೆಗಳೇ.

ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಸೂಕ್ಷ್ಮದರ್ಶಕ ಮತ್ತು ಪೋಲರಾಯ್ಡುಗಳನ್ನು ವಿಭಾಗದವರು ಪಕ್ಕದ ಲ್ಯಾಬಿನಲ್ಲಿ ಜೋಡಿಸಿ ಇಟ್ಟಿದ್ದಾರೆ. ರೈನಿಟ್ಸರ್ ಕಾಯಿಸಿದ ಆ ಕೊಲೆಸ್ಟರಿಲ್ ಬೆಂಜೋಯೇಟ್ ಕೂಡ ತರಿಸಿದ್ದಾರೆ. ನೋಡಬೇಕೆನ್ನುವವರು ಹತ್ತು ಹತ್ತು ಜನರಂತೆ ಬನ್ನಿ. ಒಲೆ ಬಿಸಿಯಾಗಿರುತ್ತದೆ, ಕೈ ಹುಷಾರು.